ಆನ್‌ಲೈನ್ ಆಟದ ಬೈಗುಳ: ಹೊಣೆ ಯಾರದು?



ಸಂಜೆಯಾದರೆ ನಮ್ಮ ಎಷ್ಟೋ ಮನೆಗಳಲ್ಲಿ ಹದಿನಾಲ್ಕು ಹದಿನೈದರ ಹುಡುಗನೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಹಿಡಿದು ಕೂರುತ್ತಾನೆ. ಮೊಬೈಲಿನಲ್ಲಿ ಸ್ಕ್ವಾಡ್ ಕಟ್ಟಿ ಆಟ ಶುರುಮಾಡುತ್ತಾನೆ. ಅವನು ಆಡುವ ಮಾತು ಮನೆಯವರಿಗೆ ಅಷ್ಟಿಷ್ಟು ಕೇಳುತ್ತದೆ. ಅವನ ಕಿವಿಗೆ ಬೀಳುವ ಮಾತು ಮಾತ್ರ ಯಾರಿಗೂ ಕೇಳುವುದಿಲ್ಲ. ಆ ಕಡೆಯಿಂದ ಮಾತಾಡುತ್ತಿರುವವನು ಯಾವ ಊರಿನವನು, ಎಷ್ಟು ವಯಸ್ಸಿನವನು ಎಂಬುದು ಹುಡುಗನಿಗೂ ಗೊತ್ತಿಲ್ಲ. ಆಟ ಕೈತಪ್ಪುತ್ತಿದೆ ಅನ್ನಿಸಿದ ಕೂಡಲೇ ಆ ದನಿ ಇವನ ತಾಯಿಯನ್ನು, ಅಕ್ಕತಂಗಿಯರನ್ನು, ಜಾತಿಯನ್ನು, ಮೈಬಣ್ಣವನ್ನು ಎಳೆದು ತಂದು ಬೈಯುತ್ತದೆ. ಹುಡುಗಿಯಾಗಿದ್ದರೆ ಆಟ ಕೈತಪ್ಪುವವರೆಗೂ ಕಾಯುವುದಿಲ್ಲ. ಮೈಕ್ ಆನ್ ಮಾಡಿ ಹಲೋ ಎಂದರೆ ಸಾಕು.

ಇದನ್ನು ತಡೆಯುವುದು ಯಾರ ಕೆಲಸ? ಆಟ ತಯಾರಿಸುವ ಕಂಪನಿಗಳಲ್ಲಿ ಅನೇಕರು ಬಹಳ ಕಾಲ ಒಂದೇ ಮಾತು ಹೇಳುತ್ತಾ ಬಂದರು: ನಾವು ಆಟ ಮಾಡಿಕೊಟ್ಟಿದ್ದೇವೆ, ಆಡುವವರ ಬಾಯಿಗೆ ನಾವು ಹೊಣೆಯಲ್ಲ. ಆಟಗಾರರಲ್ಲೂ ಕೆಲವರು ಇದನ್ನು ಒಪ್ಪುತ್ತಾರೆ. ನಾನು ಒಪ್ಪುವುದಿಲ್ಲ. ಗುರುತು ಪರಿಚಯವಿಲ್ಲದ ಜನರನ್ನು ಒಂದು ತಂಡಕ್ಕೆ ಹಾಕಿದವರು ಕಂಪನಿಯವರು. ಅವರ ಕೈಗೆ ಮೈಕ್ ಕೊಟ್ಟವರೂ ಅವರೇ. ಒಬ್ಬ ಎಡವಿದರೆ ನಾಲ್ವರೂ ಸೋಲುವಂತೆ ನಿಯಮ ಬರೆದವರೂ, ಆ ಸೋಲಿಗೆ ರ‍್ಯಾಂಕ್ ಕಳೆಯುವವರೂ ಅವರೇ. ಇಷ್ಟೆಲ್ಲ ಮಾಡಿದವರು ಮಾತಿನ ವಿಷಯ ಬಂದಾಗ ಮಾತ್ರ ದೂರ ನಿಂತು ನೋಡುವ ಹಾಗಿಲ್ಲ.

ಪ್ರಶ್ನೆ ಹಳೆಯದು. ಮೊಬೈಲ್ ಬರುವುದಕ್ಕೆ ಎಷ್ಟೋ ಮೊದಲು, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಸೇರಿ ಆಡಬಲ್ಲ ಕಂಪ್ಯೂಟರ್ ಆಟವೊಂದನ್ನು ಕಟ್ಟಿದ್ದರು. ಅದರಲ್ಲಿ ಚಿತ್ರವಿಲ್ಲ, ದನಿಯಿಲ್ಲ, ಎಲ್ಲವೂ ಅಕ್ಷರ. ಅದೇ ವಂಶದಲ್ಲಿ 1990ರಲ್ಲಿ ಹುಟ್ಟಿದ್ದು ಲ್ಯಾಂಬ್ಡಾಮೂ ಎಂಬ ಅಕ್ಷರಲೋಕ. ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ ಅದನ್ನು ಕಟ್ಟಿದವರು. ದೊಡ್ಡದೊಂದು ಮನೆ, ಅದರ ಕೋಣೆಗಳು, ಕೋಣೆಯಿಂದ ಕೋಣೆಗೆ ಓಡಾಡುವ ಪಾತ್ರಗಳು. ಆ ಪಾತ್ರಗಳ ಹಿಂದೆ ದೇಶದೇಶಗಳ ಮನುಷ್ಯರು. ಲೋಕವನ್ನು ನಡೆಸುವ ತಂತ್ರಜ್ಞರಿಗೆ ಅಲ್ಲಿ ಮಾಂತ್ರಿಕರು ಎಂಬ ಹೆಸರಿತ್ತು.

ಜನ ಹೆಚ್ಚಿದಂತೆ ಜಗಳವೂ ಹೆಚ್ಚಿತು. ನ್ಯಾಯ ತೀರಿಸಿ ತೀರಿಸಿ ಮಾಂತ್ರಿಕರು ಬೇಸತ್ತರು. 1992ರ ಡಿಸೆಂಬರಿನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ಮಾಂತ್ರಿಕರು ಯಂತ್ರವನ್ನಷ್ಟೇ ನೋಡಿಕೊಳ್ಳುತ್ತಾರೆ, ಸಾಮಾಜಿಕ ವಿಷಯಗಳಿಗೆ ಕೈಹಾಕುವುದಿಲ್ಲ ಎಂಬುದು ಅದರ ಸಾರ.

ಕೆಲವೇ ತಿಂಗಳು ಕಳೆದವು. ಮಿಸ್ಟರ್ ಬಂಗಲ್ ಎಂದು ಹೆಸರಿಟ್ಟುಕೊಂಡ ಆಟಗಾರನೊಬ್ಬ ಒಂದು ರಾತ್ರಿ ಆ ಮನೆಯ ನಡುಕೋಣೆಗೆ ಬಂದ. ಪುಟ್ಟದೊಂದು ಪ್ರೋಗ್ರಾಮಿನ ಬಲದಿಂದ, ಇತರರ ಪಾತ್ರಗಳು ತಾವಾಗಿಯೇ ಹೇಯವಾದ ಲೈಂಗಿಕ ಕೃತ್ಯಗಳಲ್ಲಿ ತೊಡಗಿರುವಂತೆ ಎಲ್ಲರ ಪರದೆಯ ಮೇಲೆ ಅಕ್ಷರಗಳಲ್ಲಿ ಮೂಡಿಸುತ್ತಾ ಹೋದ. ಆ ಪಾತ್ರಗಳ ಹಿಂದಿದ್ದ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಕುಳಿತು ಅದನ್ನು ಓದಬೇಕಾಯಿತು. ಅವರಲ್ಲೊಬ್ಬಾಕೆ ಆಮೇಲೆ ಆ ಘಟನೆಯ ಬಗ್ಗೆ ಬರೆಯುವಾಗ ಕಣ್ಣೀರು ಹಾಕಿದ್ದಾಗಿ ಹೇಳಿಕೊಂಡರು. ಮೈಗೆ ಒಂದು ಗಾಯವೂ ಆಗಿರಲಿಲ್ಲ, ಆದದ್ದೆಲ್ಲ ಅಕ್ಷರದಿಂದ. ಜೂಲಿಯನ್ ಡಿಬ್ಬೆಲ್ ಎಂಬ ಲೇಖಕರು 1993ರ ಕೊನೆಗೆ ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಈ ಘಟನೆಯನ್ನು ವಿವರವಾಗಿ ಬರೆದ ಮೇಲೆ ಅದು ಲೋಕಕ್ಕೆಲ್ಲ ತಿಳಿಯಿತು.

ಮುಂದೇನಾಯಿತು ಎಂಬುದು ನಮಗೆ ಹೆಚ್ಚು ಮುಖ್ಯ. ಆಟಗಾರರೆಲ್ಲ ಸಭೆ ಸೇರಿದರು. ಗಂಟೆಗಟ್ಟಲೆ ವಾದ ನಡೆಯಿತು, ತೀರ್ಮಾನಕ್ಕೆ ಬರಲಾಗಲಿಲ್ಲ. ತೀರ್ಮಾನ ಮಾಡಬೇಕಾದವರು ಕೈತೊಳೆದುಕೊಂಡಿದ್ದರಲ್ಲ! ಕೊನೆಗೆ ಮಾಂತ್ರಿಕನೊಬ್ಬ ತಾನೇ ನಿರ್ಧರಿಸಿ ಬಂಗಲ್‌ನ ಖಾತೆಯನ್ನು ಅಳಿಸಿಹಾಕಿದ. ಹೊರಗೆ ಹೋಗಿದ್ದ ಕರ್ಟಿಸ್ ಮರಳಿ ಬಂದು, ಆಟಗಾರರು ಮನವಿ ಸಲ್ಲಿಸಿ ಮತ ಹಾಕಿ ನಿಯಮ ಮಾಡಿಕೊಳ್ಳುವ ವ್ಯವಸ್ಥೆಯನ್ನು ತಂದರು. ಅದೂ ಸಾಲಲಿಲ್ಲ. 1996ರಲ್ಲಿ ಮಾಂತ್ರಿಕರು ಇನ್ನೊಂದು ಪ್ರಕಟಣೆ ಹೊರಡಿಸಿ, ಬರೀ ತಾಂತ್ರಿಕ ಕೆಲಸ ಮಾಡುತ್ತೇವೆಂಬ ತಮ್ಮ ಹಿಂದಿನ ಮಾತು ನಡೆಯುವಂಥದ್ದಲ್ಲ, ತಾಂತ್ರಿಕ ಮತ್ತು ಸಾಮಾಜಿಕ ಎಂದು ಗೆರೆ ಎಳೆಯಲು ಬರುವುದಿಲ್ಲ ಎಂದು ಒಪ್ಪಿಕೊಂಡರು. ಹಣದಾಸೆಯಿಲ್ಲದೆ, ಒಳ್ಳೆಯ ಮನಸ್ಸಿನಿಂದ ಒಂದು ಲೋಕ ಕಟ್ಟಿದವರೇ ಮೂರು ವರ್ಷ ಪ್ರಯತ್ನಪಟ್ಟು ಕಂಡುಕೊಂಡ ಸತ್ಯವಿದು. ಇವತ್ತು ಕೋಟಿಗಟ್ಟಲೆ ಸಂಪಾದಿಸುವ ಕಂಪನಿಗಳು ತಮಗದು ಗೊತ್ತೇ ಇಲ್ಲ ಎಂಬಂತೆ ನಡೆದುಕೊಳ್ಳುವುದು ಸರಿಯಲ್ಲ.

ಹಾಗಾದರೆ ಕಂಪನಿ ಮಾಡಬಹುದಾದದ್ದೇನು? ಬೈದವನನ್ನು ಹಿಡಿದು ಹೊರಗೆ ಹಾಕುವುದು ಎಂಬುದೇ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದ ಅನುಭವ ಬೇರೊಂದು ದಾರಿ ತೋರಿಸುತ್ತದೆ. ರಾಯಟ್ ಗೇಮ್ಸ್ ಕಂಪನಿ 2009ರಲ್ಲಿ ಬಿಡುಗಡೆ ಮಾಡಿದ ಆಟವದು. ಐವರ ಎದುರು ಐವರು; ಬಹುಪಾಲು ಸಲ ಒಬ್ಬರಿಗೊಬ್ಬರು ಅಪರಿಚಿತರು. ಬೈಗುಳಕ್ಕೆ ಆ ಆಟ ಹೆಸರುವಾಸಿಯಾಯಿತು. 2011ರಲ್ಲಿ ಕಂಪನಿ ಟ್ರಿಬ್ಯೂನಲ್ ಎಂಬ ಏರ್ಪಾಡು ತಂದಿತು. ದೂರು ಬಂದ ಆಟದಲ್ಲಿ ಯಾರು ಏನು ಬರೆದರು ಎಂಬುದನ್ನು ಇತರ ಆಟಗಾರರೇ ಓದಿ, ಶಿಕ್ಷೆಯೋ ಮಾಫಿಯೋ ಎಂದು ಮತ ಹಾಕುವುದು. ಒಂದು ಬಗೆಯ ಪಂಚಾಯಿತಿ. ಕೆಲವು ವರ್ಷ ಅದು ನಡೆಯಿತು. ಆದರೆ ತೀರ್ಪು ಬರುವ ಹೊತ್ತಿಗೆ, ಯಾವ ಆಟದಲ್ಲಿ ಏನೆಂದಿದ್ದೆ ಎಂಬುದೇ ಬೈದವನಿಗೆ ಮರೆತುಹೋಗಿರುತ್ತಿತ್ತು.

ಆ ಕಂಪನಿ ಮನಶ್ಶಾಸ್ತ್ರ, ನರವಿಜ್ಞಾನ ಓದಿದವರನ್ನು ಸೇರಿಸಿಕೊಂಡು ಆಟಗಾರರ ನಡವಳಿಕೆಯ ಅಧ್ಯಯನಕ್ಕೇ ಒಂದು ತಂಡ ಕಟ್ಟಿತು. ಜೆಫ್ರಿ ಲಿನ್ ಅದರ ಮುಂದಾಳು. ಅವರು ಲೆಕ್ಕ ಹಾಕಿ ನೋಡಿದಾಗ, ಸದಾ ಬೈಯುತ್ತಲೇ ಇರುವ ಆಟಗಾರರು ನೂರಕ್ಕೆ ಒಬ್ಬರಷ್ಟೇ. ಒಟ್ಟು ಬೈಗುಳದಲ್ಲಿ ಅವರ ಪಾಲು ನೂರಕ್ಕೆ 5ರಷ್ಟು. ಮಿಕ್ಕದ್ದರಲ್ಲಿ ಬಹುಪಾಲು ಬರುತ್ತಿದ್ದದ್ದು ಸಾಮಾನ್ಯ ಜನರಿಂದ. ಆಫೀಸಿನಲ್ಲಿ ಬೈಸಿಕೊಂಡು ಬಂದವರು, ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವರು, ಅಂದಿನ ದಿನ ಯಾಕೋ ಸರಿಯಿಲ್ಲದವರು. ಈ ಸಂಗತಿಯ ಮೇಲೆ ಪೋಷಕರೂ ಕಂಪನಿಗಳೂ ಮನಸ್ಸಿಟ್ಟು ಯೋಚಿಸಬೇಕು. ಕೆಟ್ಟವರನ್ನೆಲ್ಲ ಹುಡುಕಿ ಓಡಿಸಿದರೂ ಬೈಗುಳ ಕಡಿಮೆಯಾಗದು, ಏಕೆಂದರೆ ಬೈಯುತ್ತಿರುವವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಮನೆಯ ಮಕ್ಕಳು. ಬದಲಾಗಬೇಕಾದದ್ದು ಅವರು ಮಾತಾಡುವ ಜಾಗ.

ಅದನ್ನು ಬದಲಿಸಲು ಸಾಧ್ಯವೇ ಎಂದು ಅದೇ ತಂಡ ಪರೀಕ್ಷಿಸಿತು. ಎದುರಾಳಿ ತಂಡದೊಂದಿಗೆ ಚಾಟ್ ಮಾಡುವ ಸೌಲಭ್ಯವನ್ನು ಮೊದಲಿಗೇ ಬಂದ್ ಮಾಡಿ ಇಟ್ಟರು. ನಿಷೇಧವಲ್ಲ, ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ತೆರೆದುಕೊಳ್ಳಬಹುದಿತ್ತು. ಒಂದೇ ವಾರದಲ್ಲಿ ಕೆಟ್ಟ ಮಾತು ನೂರಕ್ಕೆ 30ಕ್ಕಿಂತ ಹೆಚ್ಚು ಇಳಿಯಿತು, ಒಳ್ಳೆಯ ಮಾತು ನೂರಕ್ಕೆ 35ರ ಹತ್ತಿರ ಏರಿತು. ಯಾರ ಬಾಯನ್ನೂ ಮುಚ್ಚಿಸಲಿಲ್ಲ, ಯಾರನ್ನೂ ಹೊರಗಟ್ಟಲಿಲ್ಲ. ಮಾತಾಡುವ ಮುನ್ನ ಒಂದು ಬಟನ್ ಒತ್ತಬೇಕಾದದ್ದೇ ಇಷ್ಟು ಫಲ ಕೊಟ್ಟಿತು. ಶಿಕ್ಷೆಯ ವಿಷಯದಲ್ಲೂ ಹಾಗೆಯೇ. ಕಾರಣ ಹೇಳದೆ ಬ್ಯಾನ್ ಮಾಡಿದಾಗ ಹುಡುಗರು ಇನ್ನಷ್ಟು ಸಿಟ್ಟು ಹೊತ್ತು ಮರಳುತ್ತಿದ್ದರು. ನೀನು ಆಡಿದ ಮಾತು ಇದು, ಶಿಕ್ಷೆ ಇದಕ್ಕೆ ಎಂದು ತಕ್ಷಣ ತೋರಿಸಿಕೊಟ್ಟಾಗ ತಿದ್ದಿಕೊಂಡವರು ನೂರಕ್ಕೆ ಸುಮಾರು 92 ಎಂದು ಕಂಪನಿ 2015ರಲ್ಲಿ ಹೇಳಿತು. ಇದು ಕಂಪನಿ ತಾನೇ ಕೊಟ್ಟ ಲೆಕ್ಕ ಎಂಬುದನ್ನೂ, ಆ ಆಟದಲ್ಲಿ ಇಂದಿಗೂ ಬೈಗುಳ ಪೂರ್ತಿ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಆದರೂ ತಯಾರಕರು ಮನಸ್ಸು ಮಾಡಿದರೆ ವ್ಯತ್ಯಾಸವಾಗುತ್ತದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆಟದ ರಚನೆಯಲ್ಲೇ ಎಷ್ಟು ಸಾಧ್ಯ ಎಂಬುದಕ್ಕೆ ಇನ್ನೊಂದು ನಿದರ್ಶನ, 2012ರ ಜರ್ನಿ ಎಂಬ ಆಟ. ಅದರಲ್ಲಿ ಮರುಭೂಮಿಯ ಹಾದಿಯಲ್ಲಿ ಅಪರಿಚಿತನೊಬ್ಬ ಜೊತೆಯಾಗುತ್ತಾನೆ. ಆದರೆ ಚಾಟ್ ಇಲ್ಲ, ಮೈಕ್ ಇಲ್ಲ, ಹೆಸರೂ ಕಾಣುವುದಿಲ್ಲ. ಸಣ್ಣದೊಂದು ಸಂಗೀತದ ಸ್ವರ ಹೊರಡಿಸಿ ಕರೆಯಬಹುದು, ಅಷ್ಟೇ. ತಯಾರಿಯ ಆರಂಭದಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಲು ಅವಕಾಶವಿತ್ತಂತೆ. ಅವಕಾಶವಿದ್ದದ್ದಕ್ಕೆ ತಳ್ಳಾಡಿದರು. ಅದನ್ನು ತೆಗೆದುಹಾಕಿದ ಮೇಲೆ ಜೊತೆಯಾಗಿ ನಡೆದರು. ನಮ್ಮಲ್ಲಿ ಮೇಲ್ವಿಚಾರಣೆಗೆ ಜನರಿಲ್ಲ, ದುಡ್ಡಿಲ್ಲ ಎನ್ನುವ ಸಣ್ಣ ಕಂಪನಿಗಳಿಗೆ ನಾನು ಕೊಡುವ ಉತ್ತರ ಇದೇ. ನೋಡಿಕೊಳ್ಳಲಾಗದ ಚಾಟನ್ನು ತೆರೆಯಬೇಡಿ.

ಮ್ಯೂಟ್ ಬಟನ್ ಇದೆಯಲ್ಲ, ಬೇಡವಾದವರು ಒತ್ತಿಕೊಳ್ಳಲಿ ಎಂಬ ವಾದವನ್ನು ಮೇಲಿಂದ ಮೇಲೆ ಕೇಳುತ್ತೇವೆ. ಕೇಳಲು ಸರಿಯೆನಿಸುತ್ತದೆ. ಆದರೆ ಬೈಗುಳ ಕಿವಿಗೆ ಬಿದ್ದ ಮೇಲೆಯೇ ಮ್ಯೂಟ್ ಒತ್ತುವುದು. ಮೇಲಾಗಿ ಇದು ತಂಡದ ಆಟ. ಶತ್ರು ಎಲ್ಲಿದ್ದಾನೆ, ಯಾವ ಕಡೆ ಓಡಬೇಕು, ಗುಂಡು ಯಾರ ಹತ್ತಿರ ಉಳಿದಿದೆ ಎಂಬುದೆಲ್ಲ ಮೈಕಿನಲ್ಲೇ ಬರುತ್ತದೆ. ಜೊತೆಗಾರನನ್ನು ಮ್ಯೂಟ್ ಮಾಡಿದವರು ಅರ್ಧ ಕಿವುಡರಾಗಿ ಆಡಬೇಕು. ಬೈಸಿಕೊಂಡವರೇ ಸೋಲನ್ನೂ ಹೊರಬೇಕಾದ ಏರ್ಪಾಡು ಇದು. ಹೆಣ್ಣುಮಕ್ಕಳ ಪಾಲಿಗಂತೂ ಇದು ದಿನನಿತ್ಯದ ಸಂಗತಿ. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹೇಲೊ 3 ಎಂಬ ಆಟದಲ್ಲಿ ಒಂದು ಪ್ರಯೋಗ ನಡೆಸಿದರು. ಮೊದಲೇ ಧ್ವನಿಮುದ್ರಿಸಿಕೊಂಡ, ಯಾರಿಗೂ ನೋವಾಗದ ಒಂದಿಷ್ಟು ಸಾಧಾರಣ ಮಾತುಗಳನ್ನು ಕೆಲವು ಆಟಗಳಲ್ಲಿ ಗಂಡುದನಿಯಲ್ಲಿ, ಕೆಲವು ಆಟಗಳಲ್ಲಿ ಹೆಣ್ಣುದನಿಯಲ್ಲಿ ಕೇಳಿಸಿದರು. ಹೆಣ್ಣುದನಿಗೆ ಸಿಕ್ಕ ಕೆಟ್ಟ ಪ್ರತಿಕ್ರಿಯೆ ಮೂರು ಪಟ್ಟು. ಆಡಿದ್ದು ಅದೇ ಮಾತು. ಇಷ್ಟು ಗೊತ್ತಿದ್ದೂ ಮ್ಯೂಟ್ ಒತ್ತಿಕೊಳ್ಳಿ ಎಂದರೆ, ನೀವು ಸುಮ್ಮನೆ ಆಡಿ ಇಲ್ಲವೇ ಆಡಲೇಬೇಡಿ ಎಂದು ಹೆಣ್ಣುಮಕ್ಕಳಿಗೆ ಹೇಳಿದಂತೆ. ಆಟದಿಂದ ಅವರು ಹೊರನಡೆದಾಗ ಯಾವ ಲೆಕ್ಕದ ಪುಸ್ತಕದಲ್ಲೂ ಅದು ಬೈಗುಳದ ನಷ್ಟ ಎಂದು ದಾಖಲಾಗುವುದಿಲ್ಲ.

ಬೈಗುಳ ತಡೆಯುವುದು ಆಟ ನಡೆಸುವವರ ಕೆಲಸ ಎಂಬುದನ್ನು ಕ್ರಿಕೆಟ್ಟಿನವರು ಕಾನೂನಿಗೇ ಸೇರಿಸಿದ್ದಾರೆ. 2017ರ ಅಕ್ಟೋಬರಿನಿಂದ ಎಂಸಿಸಿಯ ಕ್ರಿಕೆಟ್ ನಿಯಮಗಳಲ್ಲಿ ಆಟಗಾರರ ನಡತೆಗೆಂದೇ 42ನೆಯ ನಿಯಮವಿದೆ. ಅಶ್ಲೀಲವಾಗಿ, ಅವಮಾನವಾಗುವಂತೆ ಮಾತಾಡಿದರೆ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ಎದುರಾಳಿಗೆ ಐದು ರನ್ನು. ತೀರಾ ಅತಿಯಾದ ನಡತೆಗೆ ಅಂಪೈರು ಮೈದಾನದಿಂದಲೇ ಕಳಿಸಬಹುದು. ಅದರಿಂದ ಕ್ರಿಕೆಟ್ಟಿನ ಕೆಚ್ಚು ಕಡಿಮೆಯಾಯಿತೆಂದು ಯಾರೂ ಹೇಳುತ್ತಿಲ್ಲ. ನಮ್ಮ ಸಂಸತ್ತು 2025ರಲ್ಲಿ ಮಾಡಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮನ್ನಣೆ ಕೊಟ್ಟಿದೆ. ಕ್ರೀಡೆ ಎನ್ನುವ ಗೌರವ ಬೇಕಾದರೆ ಕ್ರೀಡೆಯ ನಡತೆಯೂ ಜೊತೆಗೆ ಬರಬೇಕು.

ಇಷ್ಟು ಹೇಳಿದ ಮೇಲೆ, ಕಂಪನಿಗಳ ಕೈಗೆ ಕತ್ತರಿ ಕೊಟ್ಟು ಕಣ್ಣುಮುಚ್ಚಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕತ್ತರಿ ಎಡವಟ್ಟು ಮಾಡಿದ ಪ್ರಸಂಗಗಳು ಬೇಕಾದಷ್ಟಿವೆ. 2010ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಆಟಗಾರನೊಬ್ಬ ಎಕ್ಸ್‌ಬಾಕ್ಸ್ ಲೈವ್ ಎಂಬ ಆನ್‌ಲೈನ್ ಆಟದ ಸೇವೆಯಲ್ಲಿ ತನ್ನ ಊರಿನ ಹೆಸರು ಹಾಕಿಕೊಂಡಿದ್ದ. ಊರಿನ ಹೆಸರು ಫೋರ್ಟ್ ಗೇ. ಆ ‘ಗೇ’ ಪದದಿಂದ ಸಲಿಂಗಿಗಳನ್ನು ಹೀಯಾಳಿಸುತ್ತಿದ್ದಾನೆಂದು ತಿಳಿದು ಅವನನ್ನು ಅಮಾನತು ಮಾಡಿದರು. ಅಂಥದ್ದೊಂದು ಊರು ನಿಜಕ್ಕೂ ಇದೆಯೆಂದು ನಂಬಿಸಲು ಅವನು ಪಡಬಾರದ ಪಾಡು ಪಟ್ಟ. ಕೊನೆಗೆ ಕಂಪನಿ ತಪ್ಪೊಪ್ಪಿಕೊಂಡಿತು. ಅದಕ್ಕೂ ಮೊದಲು, 2006ರಲ್ಲಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಮಹಿಳೆಯೊಬ್ಬರು ತಮ್ಮ ತಂಡಕ್ಕೆ ಸಲಿಂಗಿಗಳಿಗೂ ಸ್ವಾಗತ ಎಂದು ಪ್ರಕಟಿಸಿದ್ದಕ್ಕೆ ಎಚ್ಚರಿಕೆಯ ಪತ್ರ ಬಂತು. ಕಿರುಕುಳ ತಡೆಯಲು ಮಾಡಿದ ನಿಯಮ, ಕಿರುಕುಳ ಅನುಭವಿಸುವವರ ಬಾಯನ್ನೇ ಕಟ್ಟಲು ಹೊರಟಿತ್ತು. ಜನ ಪ್ರತಿಭಟಿಸಿದ ಮೇಲೆ ಆ ಕಂಪನಿಯೂ ಕ್ಷಮೆ ಕೇಳಿತು. ಇದಕ್ಕಿಂತ ಕಳವಳಕಾರಿಯಾದದ್ದು 2019ರ ಅಕ್ಟೋಬರಿನಲ್ಲಿ ನಡೆಯಿತು. ಹಾರ್ತ್‌ಸ್ಟೋನ್ ಎಂಬ ಆಟದ ಪಂದ್ಯದ ನಂತರದ ಸಂದರ್ಶನದಲ್ಲಿ ಹಾಂಕಾಂಗಿನ ಆಟಗಾರನೊಬ್ಬ ತನ್ನ ನಗರದ ಚಳವಳಿಯ ಘೋಷಣೆ ಕೂಗಿದ. ಕಂಪನಿ ಒಂದು ವರ್ಷ ಅವನನ್ನು ಹೊರಗಿಟ್ಟು ಬಹುಮಾನದ ಹಣವನ್ನೂ ತಡೆಹಿಡಿಯಿತು. ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಹಣ ಕೊಟ್ಟು, ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಬೈಗುಳ ತಡೆಯುವ ಅಧಿಕಾರ ಎಷ್ಟು ಸುಲಭವಾಗಿ ಅಭಿಪ್ರಾಯ ತಡೆಯುವ ಅಧಿಕಾರವಾಗಿ ಬೆಳೆಯಬಲ್ಲದು ಎಂಬುದನ್ನು ಮರೆಯದಿರಲು ಈ ಪ್ರಸಂಗ ಸಾಕು.

ಆದ್ದರಿಂದ ಅಧಿಕಾರಕ್ಕೆ ಬೇಲಿ ಬೇಕು. ಗುರಿ ತಪ್ಪಿದಾಗ ತನ್ನನ್ನೇ ಶಪಿಸಿಕೊಳ್ಳುವ ಹುಡುಗನನ್ನು ಬಿಟ್ಟುಬಿಡಬೇಕು. ಒಬ್ಬ ಮನುಷ್ಯನ ಮೇಲೆ, ಅವನ ಹುಟ್ಟಿನ ಮೇಲೆ, ಅವಳ ಹೆಣ್ತನದ ಮೇಲೆ ಎರಗುವ ಮಾತನ್ನು ಬಿಡಬಾರದು. ಶಿಕ್ಷೆಗೆ ಕಾರಣ ಕೊಡಬೇಕು. ಮೇಲ್ಮನವಿಯನ್ನು ಯಂತ್ರವಲ್ಲ, ಮನುಷ್ಯ ಓದಬೇಕು. ಯುರೋಪಿನ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರುವರಿಯಿಂದ ಪೂರ್ತಿಯಾಗಿ ಜಾರಿಯಾಗಿದ್ದು, ಹೀಗೆ ಕಾರಣ ಕೊಡುವುದನ್ನು ಕಡ್ಡಾಯ ಮಾಡಿದೆ. ದನಿಯನ್ನು ಆಲಿಸುವ ಪ್ರಶ್ನೆ ಇನ್ನೂ ಸೂಕ್ಷ್ಮ. ಕಾಲ್ ಆಫ್ ಡ್ಯೂಟಿ ಆಟದಲ್ಲಿ 2023ರಿಂದ ಯಂತ್ರವೇ ಮೈಕಿನ ಮಾತಿಗೆ ಕಿವಿಗೊಟ್ಟು ನಿಂದನೆಯನ್ನು ಗುರುತಿಸುತ್ತಿದೆ. ರಾಯಟ್ ಕಂಪನಿ ವ್ಯಾಲೊರೆಂಟ್ ಆಟದ ಬಗ್ಗೆ 2021ರಲ್ಲಿ ಹೇಳಿದ್ದು ಬೇರೆ ಬಗೆ: ದೂರು ಬಂದಾಗ ಮಾತ್ರ ಆ ಧ್ವನಿಯನ್ನು ಪರಿಶೀಲಿಸುವುದು. ಎರಡರಲ್ಲಿ ಆರಿಸಬೇಕಾದರೆ ನನ್ನ ಮತ ಎರಡನೆಯದಕ್ಕೆ. ಮನೆಯೊಳಗಿನ ಮಾತೂ ಅದೇ ಮೈಕಿನಲ್ಲಿ ಹೋಗುತ್ತದೆ ಎಂಬುದನ್ನು ಮರೆಯಲಾಗದು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಪಬ್‌ಜಿ ಮೊಬೈಲನ್ನು ನಮ್ಮ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು; 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. ಆಗೆಲ್ಲ ಚರ್ಚೆಯಾದದ್ದು ಮಾಹಿತಿಯ ಭದ್ರತೆ, ಮಕ್ಕಳು ಆಟಕ್ಕೆ ಸುರಿಯುವ ಸಮಯ ಮತ್ತು ಹಣ. ಆ ಆಟಗಳಲ್ಲಿ ಮಕ್ಕಳು ಎಂಥ ಮಾತು ಕೇಳುತ್ತಿದ್ದಾರೆ, ಎಂಥ ಮಾತು ಕಲಿಯುತ್ತಿದ್ದಾರೆ ಎಂಬುದು ಚರ್ಚೆಗೇ ಬರಲಿಲ್ಲ. ಇಂಗ್ಲಿಷಿನಲ್ಲಿ ಜನಾಂಗವನ್ನು ಹಿಡಿದು ಬೈದರೆ ನಿಂದನೆ ಗುರುತಿಸುವ ಯಂತ್ರಗಳು ಚುರುಕಾಗಿ ಹಿಡಿಯುತ್ತವೆ. ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ, ನಡುವೆ ಹಿಂದಿ, ತೆಲುಗು, ತಮಿಳು ಬೆರೆಯುತ್ತವೆ. ಪದಗಳ ಪಟ್ಟಿ ಇಟ್ಟುಕೊಂಡ ಯಂತ್ರಕ್ಕೆ ಇದು ಹೇಗೆ ಅರ್ಥವಾದೀತು? ಧಾರವಾಡದ ಗೆಳೆಯರು ಸಲುಗೆಯಿಂದ ‘ಲೇ ಮಗನ’ ಎಂದರೆ ಯಂತ್ರ ತಪ್ಪು ಹಿಡಿಯಬಹುದು. ಜಾತಿಯ ಹೆಸರನ್ನೇ ಬೈಗುಳ ಮಾಡಿ ಆಡಿದ ಮಾತನ್ನು ಸುಮ್ಮನೆ ದಾಟಿಸಿಬಿಡಬಹುದು. ಪರಿಶಿಷ್ಟರನ್ನು ಜಾತಿ ಹಿಡಿದು ಎಲ್ಲರೆದುರು ನಿಂದಿಸುವುದು ನಮ್ಮ ದೇಶದಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಮಾತು ಯಾವುದು, ಅದು ಎಷ್ಟು ಆಳಕ್ಕೆ ಇರಿಯುತ್ತದೆ ಎಂದು ಬಲ್ಲವರು ಕನ್ನಡ ಬಲ್ಲ ಮನುಷ್ಯರು. ಕರ್ನಾಟಕದ ಹುಡುಗರಿಗೆ ಬಣ್ಣಬಣ್ಣದ ಬಂದೂಕು, ಬಟ್ಟೆ ಮಾರಿ ಹಣ ಮಾಡುವ ಕಂಪನಿಗಳು ಕನ್ನಡ ಓದಬಲ್ಲ, ಕೇಳಬಲ್ಲ ಮೇಲ್ವಿಚಾರಕರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಭಾಷೆ ಬಲ್ಲ ಯುವಕರಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ.

ಪೋಷಕರಲ್ಲಿ ನನ್ನದೊಂದು ಬೇಡಿಕೆಯಿದೆ. ಮಗ ಅಥವಾ ಮಗಳು ಬೈಗುಳ ಕೇಳಿಸಿಕೊಂಡೆ ಎಂದು ಬಂದು ಹೇಳಿದರೆ ಮೊಬೈಲ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಮುಂದಿನ ಸಲ ಅವರು ನಿಮಗೆ ಹೇಳುವುದಿಲ್ಲ. ಜೊತೆಗೆ ಕೂತು ಆ ಆಟದ ರಿಪೋರ್ಟ್ ಬಟನ್ ಎಲ್ಲಿದೆ ನೋಡಿ, ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ, ದೂರು ಕೊಡಿ. ಬಳಕೆದಾರರ ಮಾತನ್ನು ಸಾಗಿಸುವ ಸಂಸ್ಥೆಗಳು ದೂರು ಕೇಳುವ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು, ದೂರು ತಲುಪಿದೆಯೆಂದು 24 ಗಂಟೆಯೊಳಗೆ ತಿಳಿಸಬೇಕು, ಗೊತ್ತುಪಡಿಸಿದ ದಿನಗಳೊಳಗೆ ಇತ್ಯರ್ಥ ಮಾಡಬೇಕು ಎಂದು ಕೇಂದ್ರ ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ದೂರನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ದೂರು ಬಂದಷ್ಟೂ ಕನ್ನಡ ಬಲ್ಲವರನ್ನು ಇಟ್ಟುಕೊಳ್ಳದೆ ಕಂಪನಿಗಳಿಗೆ ಗತಿಯಿರುವುದಿಲ್ಲ. ಮಾತು ಬೈಗುಳವನ್ನೂ ಮೀರಿ ಮಗುವಿಗೆ ಬೆದರಿಕೆಯಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲೂ ರಾತ್ರಿ ತೆರೆದಿರುವ ಆ ಸಂಖ್ಯೆಗೆ ಶುಲ್ಕವಿಲ್ಲ.